ಹದಿನಾಲ್ಕನೆಯ ನಡೆ

ಆ ಆಟದ ಕಥೆ ಹೇಳುವವರೆಲ್ಲ ಚಪ್ಪಾಳೆಯಿಂದಲೇ ಶುರುಮಾಡುತ್ತಾರೆ. 1972ರ ಜುಲೈ 23, ಐಸ್‌ಲೆಂಡಿನ ರೇಕ್ಯಾವಿಕ್, ಚದುರಂಗದ ವಿಶ್ವ ಚಾಂಪಿಯನ್‌ಷಿಪ್ಪಿನ ಆರನೆಯ ಆಟ. ನಲವತ್ತೊಂದನೆಯ ನಡೆಗೆ ಬೋರಿಸ್ ಸ್ಪಾಸ್ಕಿ ಸೋಲೊಪ್ಪಿಕೊಂಡರು. ಸಭಾಂಗಣವೆಲ್ಲ ಬಾಬಿ ಫಿಷರ್‌ಗೆ ಚಪ್ಪಾಳೆ ಹೊಡೆಯುತ್ತಿದ್ದರೆ ಸೋತ ಸ್ಪಾಸ್ಕಿಯೂ ಅಲ್ಲೇ ವೇದಿಕೆಯ ಮೇಲೆ ನಿಂತು ತಾವೂ ಚಪ್ಪಾಳೆ ಹೊಡೆದರು. ಒಳ್ಳೆಯ ಕಥೆ, ನನಗೂ ಇಷ್ಟವೇ. ಆದರೆ ಭಾನುವಾರ ಮಧ್ಯಾಹ್ನ ಮಣೆ ಹಾಸಿಕೊಂಡು ಈ ಆಟವನ್ನು ಒಂದೊಂದೇ ನಡೆಯಾಗಿ ನಡೆಸುತ್ತ ಹೋದಾಗ ನನ್ನ ಕೈ ತಡೆಯುವುದು ಕೊನೆಯಲ್ಲಲ್ಲ, ಹದಿನಾಲ್ಕನೆಯ ನಡೆಯಲ್ಲಿ. ಅಲ್ಲಿ ಒಬ್ಬ ಮೂರನೆಯವರಿದ್ದಾರೆ. ಅವರು ಆಡುತ್ತಿಲ್ಲ, ಮಾತಾಡುವ ಹಾಗೂ ಇಲ್ಲ. ನನ್ನ ಕಣ್ಣು ಅವರ ಮೇಲೆ.

“ಮತ್ತೆ ಅದೇ ಆಟವಾ? ಗೆಲ್ಲುವುದು ಯಾರು ಅಂತ ಗೊತ್ತಿದ್ದೂ ಮತ್ತೆ ಮತ್ತೆ ಎಂತ ನೋಡುವುದು ನೀವು?” ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅವಳು ಕರಾವಳಿಯವಳು, ಬಯಲಾಟದ ಚೌಕಿಯ ಪಕ್ಕದಲ್ಲೇ ಬೆಳೆದವಳು.

“ನಿಮ್ಮೂರಿನ ಆಟದಲ್ಲಿ ಕರ್ಣ ಒಂದು ರಾತ್ರಿಯಾದರೂ ಗೆದ್ದದ್ದುಂಟಾ? ಆದರೂ ಬೆಳಗಿನವರೆಗೆ ಕೂತು ನೋಡ್ತೀಯಲ್ಲ” ಎಂದೆ.

“ನಮ್ಮ ಕರ್ಣ ಮಾತಾಡ್ತಾನೆ ಮಾರಾಯ್ರೆ. ನಿಮ್ಮ ಮರದ ತುಂಡು ಮಾತಾಡ್ತದಾ?”

ಮಾತಾಡುತ್ತದೆ, ಆದರೆ ಅರ್ಥ ಹೇಳುವವರು ಬೇಕು. ಇವತ್ತು ಆ ವೇಷ ನನ್ನದು. ಕರ್ಣನನ್ನು ಸುಮ್ಮನೆ ಎಳೆದು ತಂದವನೂ ಅಲ್ಲ ನಾನು. ಆ ವರ್ಷದ ಸ್ಪಾಸ್ಕಿಯನ್ನು ನೋಡಿದರೆ ಕನ್ನಡದವರಿಗೆ ನೆನಪಾಗುವುದು ಇನ್ಯಾರು?

ಫಿಷರ್ ಮೊದಲ ಆಟ ಸೋತಿದ್ದರು. ಎರಡನೆಯದಕ್ಕೆ ಬರಲೇ ಇಲ್ಲ. ಕ್ಯಾಮೆರಾಗಳ ಸದ್ದು ತಮ್ಮ ತಲೆ ತಿನ್ನುತ್ತಿದೆ, ಅವನ್ನು ಎತ್ತಿಸಿದ ಹೊರತು ಆಡುವುದಿಲ್ಲ ಎಂದು ಹಟ ಹಿಡಿದು ಕೋಣೆಯಲ್ಲೇ ಉಳಿದರು. ಸ್ಪಾಸ್ಕಿಗೆ 2–0 ಮುನ್ನಡೆ. ಅಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಮಾಸ್ಕೋಗೆ ಹೊರಟಿದ್ದರೆ ಕೇಳುವವರಿರಲಿಲ್ಲ, ಪಟ್ಟ ಅವರಲ್ಲೇ ಉಳಿಯುತ್ತಿತ್ತು. ಮೂರನೆಯ ಆಟವನ್ನು ಪ್ರೇಕ್ಷಕರಿಲ್ಲದ ಹಿಂದಿನ ಕೋಣೆಯಲ್ಲಿ ಆಡೋಣ ಎಂದು ಫಿಷರ್ ಕೇಳಿದರು. ಅದು ಪಿಂಗ್‌ಪಾಂಗ್ ಆಡುವ ಕೋಣೆಯಂತೆ. ಸ್ಪಾಸ್ಕಿ ಆಗಲಿ ಎಂದರು. ಕವಚ ಕುಂಡಲ ಬಿಚ್ಚಿ ಕೊಟ್ಟದ್ದು ಅಲ್ಲೇ. ಅದಕ್ಕೆ ಮುಂಚೆ ಫಿಷರ್ ಸ್ಪಾಸ್ಕಿಯನ್ನು ಒಂದು ಸಲವೂ ಸೋಲಿಸಿರಲಿಲ್ಲ. ಆ ಕೋಣೆಯಲ್ಲಿ ಸೋಲಿಸಿದರು. ನಾಲ್ಕನೆಯದು ಸಮ, ಐದನೆಯದು ಮತ್ತೆ ಫಿಷರ್‌ದು. ಆರನೆಯದಕ್ಕೆ ಕೂರುವಾಗ ಇಬ್ಬರಿಗೂ ಎರಡೂವರೆ ಎರಡೂವರೆ ಅಂಕ.

ಈಗ ಓಪನಿಂಗಿಗೆ ಬರೋಣ. ಬಿಳಿ ಕಾಯಿ ಸಿಕ್ಕರೆ ಫಿಷರ್ ಮಾಡುವ ಮೊದಲ ನಡೆ ಯಾವುದೆಂದು ಲೋಕಕ್ಕೆಲ್ಲ ಗೊತ್ತಿತ್ತು: ರಾಜನ ಮುಂದಿನ ಕಾಲಾಳು ಎರಡು ಮನೆ, ಇ4. ಅದಕ್ಕಿಂತ ಒಳ್ಳೆಯ ನಡೆಯಿಲ್ಲ ಎಂದು ಸಾರಿ ಹೇಳಿದವರು ಅವರು. ಹಾಗೆಂದು ಬೇರೆಯದನ್ನು ಆಡಿಯೇ ಇರಲಿಲ್ಲ ಎಂದಲ್ಲ. 1970ರಲ್ಲಿ ಪಾಲ್ಮಾದ ಟೂರ್ನಿಯಲ್ಲಿ ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಸಿ4ಕ್ಕೆ ನೂಕಿದ್ದರು. ಅದರಲ್ಲಿ ಒಂದಂತೂ ಆಟವೇ ಆಗಲಿಲ್ಲ. ಫಿಷರ್‌ರ ಧಾರ್ಮಿಕ ನಿಯಮಕ್ಕಾಗಿ ಆಟದ ಹೊತ್ತನ್ನು ಮುಂದಕ್ಕೆ ಹಾಕಿದರೆಂದು ಎದುರಾಳಿ ಪನ್ನೊ ಸಿಟ್ಟಾಗಿ, ಒಂದು ನಡೆಯನ್ನೂ ಆಡದೆ ಸೋಲೊಪ್ಪಿಕೊಂಡರು. ಇಂಥ ಒಂದೆರಡು ವಿನಾಯಿತಿ ಬಿಟ್ಟರೆ ಫಿಷರ್ ಎಂದರೆ ಇ4. ರೇಕ್ಯಾವಿಕ್‌ನ ನಾಲ್ಕನೆಯ ಆಟದಲ್ಲೂ ಅದನ್ನೇ ಆಡಿದ್ದರು. ಅದಕ್ಕೆ ಸ್ಪಾಸ್ಕಿಯ ಸಿಸಿಲಿಯನ್ ಎಷ್ಟು ಚೊಕ್ಕವಾಗಿ ಸಿದ್ಧವಾಗಿತ್ತೆಂದರೆ ಫಿಷರ್ ಕಷ್ಟಪಟ್ಟು ಸಮ ಮಾಡಿಕೊಳ್ಳಬೇಕಾಯಿತು. ಸೋವಿಯತ್ ತಂಡ ಎಲ್ಲಿ ಹೊಂಚು ಹಾಕಿ ಕೂತಿದೆಯೆಂದು ಅವರಿಗೆ ಆಗಲೇ ತಿಳಿದಿರಬೇಕು. ಆರನೆಯ ಆಟದಲ್ಲಿ ಕೈ ಸಿ4ಕ್ಕೆ ಹೋಯಿತು.

ಮೂರನೆಯ ನಡೆಯ ಹೊತ್ತಿಗೆ ಅದು ಅಚ್ಚುಕಟ್ಟಾದ ಕ್ವೀನ್ಸ್ ಗ್ಯಾಂಬಿಟ್ ಆಯಿತು. ಬಿಳಿ ಕಡೆ ಕೂತು ಫಿಷರ್ ಅದರ ಹತ್ತಿರವೂ ಸುಳಿದವರಲ್ಲ. ಕಪ್ಪು ಕಡೆ ಕೂತ ಸ್ಪಾಸ್ಕಿಗೋ ಅದು ಹುಟ್ಟೂರು. ಏಳನೆಯ ನಡೆಯಲ್ಲಿ ಅವರು ಬಿ6 ಆಡಿ ಟಾರ್ಟಕೋವರ್ ರಕ್ಷಣೆ ಹೂಡಿದರು. ಇದರ ಲೆಕ್ಕ ಸರಳ. ಕ್ವೀನ್ಸ್ ಗ್ಯಾಂಬಿಟ್‌ನಲ್ಲಿ ಕಪ್ಪಿನವರನ್ನು ಕಾಡುವುದು ಬಿಳಿ ಮನೆಗಳಲ್ಲಿ ಓಡಾಡುವ ಒಂಟೆ. ತನ್ನದೇ ಇ6ರ ಕಾಲಾಳಿನ ಹಿಂದೆ ಸಿಕ್ಕಿಬಿದ್ದು ಎಷ್ಟೋ ಆಟಗಳಲ್ಲಿ ಅದು ಕಣ್ಣು ಬಿಡುವುದೇ ಇಲ್ಲ. ಬಿ6 ಆಡಿದರೆ ಅದಕ್ಕೆ ಮಗ್ಗುಲಲ್ಲಿ ಒಂದು ಬಾಗಿಲು ತೆರೆಯುತ್ತದೆ. ಈ ರಕ್ಷಣೆಯಲ್ಲಿ ಸ್ಪಾಸ್ಕಿ ಅದುವರೆಗೆ ಸೋತದ್ದಿಲ್ಲ ಎನ್ನುತ್ತಾರೆ. ಇದರ ಉದ್ದ ಹೆಸರಿನಲ್ಲಿ ಟಾರ್ಟಕೋವರ್ ಜೊತೆಗೆ ಮಕೊಗೊನೊವ್, ಬೊಂಡರೆವ್‌ಸ್ಕಿ ಎಂಬ ಇಬ್ಬರೂ ಸೇರಿಕೊಂಡಿದ್ದಾರೆ. ಆ ಬೊಂಡರೆವ್‌ಸ್ಕಿಯೇ 1969ರಲ್ಲಿ ಸ್ಪಾಸ್ಕಿಯನ್ನು ಪಟ್ಟಕ್ಕೇರಿಸಿದ ಗುರು. 1972ರ ಹೊತ್ತಿಗೆ ಜೊತೆಯಲ್ಲಿರಲಿಲ್ಲ.

ಟಾರ್ಟಕೋವರ್ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ರಷ್ಯಾದ ರೊಸ್ತೋವ್‌ನಲ್ಲಿ ಹುಟ್ಟಿ, ಪೋಲೆಂಡಿಗೆ ಆಡಿ, ಫ್ರಾನ್ಸಿನವರಾಗಿ ತೀರಿಕೊಂಡವರು. ಚದುರಂಗದ ಮಹಾ ವಾಚಾಳಿ. 1924ರಲ್ಲಿ ನ್ಯೂಯಾರ್ಕ್ ಟೂರ್ನಿಯ ಬಿಡುವಿನಲ್ಲಿ ಮೃಗಾಲಯಕ್ಕೆ ಹೋಗಿ, ಅಲ್ಲಿ ಸೂಸಾನ್ ಎಂಬ ಒರಾಂಗುಟಾನನ್ನು ಕಂಡು ಮರುಳಾಗಿ, ಮರುದಿನ ಬಿ4 ಎಂಬ ವಿಚಿತ್ರ ಮೊದಲ ನಡೆ ಆಡಿದರು. ಆ ಓಪನಿಂಗಿಗೆ ಇವತ್ತಿಗೂ ಒರಾಂಗುಟಾನ್ ಎಂದೇ ಹೆಸರು. ಅಂಥವರ ಹೆಸರು ಹೀಗೆ ಗಟ್ಟಿಮುಟ್ಟಾದ, ಹೊಟ್ಟೆ ತಣ್ಣಗಿಡುವ ರಕ್ಷಣೆಯೊಂದಕ್ಕೂ ಅಂಟಿಕೊಂಡದ್ದು ನನಗೆ ಸೋಜಿಗ.

ಮುಂದಿನ ಕೆಲವು ನಡೆಗಳಲ್ಲಿ ಒಂದು ಒಂಟೆ ಒಂದು ಕುದುರೆ ಆಚೀಚೆ ಬಿದ್ದವು. ಕಪ್ಪಿನವರ ಉಳಿದ ಒಂಟೆ ಇ6ರಲ್ಲಿ ಕೂತಿತು. ಕಾಲಾಳುಗಳು ಡಿ5ರಲ್ಲೊಂದು, ಸಿ5ರಲ್ಲೊಂದು. ಫಿಷರ್ ತಮ್ಮ ಮಂತ್ರಿಯನ್ನು ಮಣೆಯ ಅಂಚಿಗೆ, ಮೊದಲು ಎ4ಕ್ಕೆ, ಆಮೇಲೆ ಎ3ಕ್ಕೆ ತಂದರು. ನೋಡಿದವರಿಗೆ ಇದೇನು ಮಂತ್ರಿಯನ್ನು ಹಿತ್ತಲಿಗೆ ಕಳಿಸಿದರಲ್ಲ ಅನ್ನಿಸಬೇಕು. ಆದರೆ ಅಲ್ಲಿಂದ ಅದರ ಓರೆನೋಟ ಸಿ5ರ ಕಾಲಾಳನ್ನು ದಾಟಿ, ಇ7ರಲ್ಲಿ ಯಾರ ಕಾವಲೂ ಇಲ್ಲದೆ ನಿಂತ ಕಪ್ಪು ಮಂತ್ರಿಯ ಮೇಲೆ ನೆಟ್ಟಿದೆ. ಆ ಕಾಲಾಳು ಈಗ ಮುಂದೆ ಹೆಜ್ಜೆಯಿಡುವಂತಿಲ್ಲ, ಪಕ್ಕದ್ದನ್ನು ಹೊಡೆಯುವಂತೆಯೂ ಇಲ್ಲ. ಕದಲಿದರೆ ಮಂತ್ರಿ ಹೋಯಿತು. ಹದಿಮೂರನೆಯ ನಡೆಗೆ ಸ್ಪಾಸ್ಕಿ ಅದರ ಬೆನ್ನಿಗೆ ಆನೆಯನ್ನು ತಂದು ನಿಲ್ಲಿಸಿದರು.

ಹದಿನಾಲ್ಕಕ್ಕೆ ಫಿಷರ್‌ರ ಒಂಟೆ ಬಿ5ಕ್ಕೆ ಹೋಗಿ ಕೂತಿತು. ಯಾರನ್ನೂ ಹೊಡೆಯಲಿಲ್ಲ, ಚೆಕ್ ಕೊಡಲಿಲ್ಲ. ಸುಮ್ಮನೆ ಹೋಗಿ ಕಪ್ಪಿನವರ ಅಂಗಳದಲ್ಲಿ ಕೂತಿತು, ಅಷ್ಟೆ.

ಇದು ಫಿಷರ್ ಕಂಡುಹಿಡಿದ ನಡೆಯಲ್ಲ. ಲೆನಿನ್‌ಗ್ರಾಡಿನ ಸೆಮ್ಯೋನ್ ಫುರ್ಮನ್ ಎಂಬವರು 1970ರಲ್ಲೇ ಆಡಿದ್ದರು. ಫಿಷರ್ ರಷ್ಯನ್ ಪತ್ರಿಕೆಗಳ ಆಟಗಳನ್ನು ಬಿಡದೆ ಓದುತ್ತಿದ್ದವರು. ಸೋವಿಯತ್ ಆಟಗಾರನ ನಡೆಯನ್ನು ಎತ್ತಿಕೊಂಡು ಸೋವಿಯತ್ ಚಾಂಪಿಯನ್ನರ ಮೇಲೇ ಎಸೆದರು. ಈ ಫುರ್ಮನ್ ಆಗ ತರಬೇತಿ ಕೊಡುತ್ತಿದ್ದದ್ದು ಅನತೋಲಿ ಕಾರ್ಪೊವ್ ಎಂಬ ಹುಡುಗನಿಗೆ. 1975ರಲ್ಲಿ ಫಿಷರ್ ಆಡಲೊಪ್ಪದೆ ಬಿಟ್ಟ ಪಟ್ಟ ದಕ್ಕಿದ್ದು ಅದೇ ಹುಡುಗನಿಗೆ. ಇರಲಿ, ಅದು ಬೇರೆಯ ಪ್ರಸಂಗ.

ಫುರ್ಮನ್ 1970ರಲ್ಲಿ ಆ ನಡೆ ಆಡಿದ್ದು ಯಾರ ಮೇಲೆ ಎನ್ನುವುದು ಮುಖ್ಯ. ಎಫಿಮ್ ಗೆಲ್ಲರ್ ಮೇಲೆ. ಒಡೆಸ್ಸಾದವರು, ಸೋವಿಯತ್ ಒಕ್ಕೂಟದ ಮಾಜಿ ಚಾಂಪಿಯನ್, ಓಪನಿಂಗುಗಳನ್ನು ಅಗೆದು ಅಗೆದು ನೋಡುವುದರಲ್ಲಿ ಸರಿಸಾಟಿಯಿಲ್ಲದವರು. ಫಿಷರ್‌ಗೆ ಸೋತದ್ದಕ್ಕಿಂತ ಹೆಚ್ಚು ಸಲ ಅವರನ್ನು ಸೋಲಿಸಿದ್ದ ಬೆರಳೆಣಿಕೆಯ ಮಂದಿಯಲ್ಲಿ ಒಬ್ಬರು. ಆ ಒಂಟೆಯ ಬಿಸಿ ಮೊದಲು ತಟ್ಟಿದ್ದು ಅವರಿಗೆ. ತಟ್ಟಿದ ಮೇಲೆ ಸುಮ್ಮನಿರುವ ಜಾಯಮಾನ ಅವರದಲ್ಲ. ಮನೆಗೆ ಹೋಗಿ ಮದ್ದು ಅರೆದರು: ಕಪ್ಪು ಮಂತ್ರಿಯನ್ನು ಬಿ7ಕ್ಕೆ ಸರಿಸುವುದು. ಒಂದೇ ಹೆಜ್ಜೆಯಲ್ಲಿ ಮಂತ್ರಿ ಆ ಓರೆನೋಟದಿಂದ ಪಾರಾಗುತ್ತದೆ, ಸಿ5ರ ಕಾಲಾಳಿನ ಕಟ್ಟು ಬಿಚ್ಚುತ್ತದೆ, ಜೊತೆಗೆ ನಡುವಿನ ಬಿ6ರ ಕಾಲಾಳು ಸರಿದರೆ ಬಿ5ರ ಒಂಟೆಗೇ ಗುರಿ ಹಿಡಿದಂತಾಗುತ್ತದೆ.

ಈ ಗೆಲ್ಲರ್ 1972ರ ಜುಲೈನಲ್ಲಿ ರೇಕ್ಯಾವಿಕ್‌ನಲ್ಲೇ ಇದ್ದರು, ಸ್ಪಾಸ್ಕಿಯ ತಂಡದಲ್ಲಿ, ಸಹಾಯಕರಾಗಿ.

ಮದ್ದನ್ನು ಅವರು ಸ್ಪಾಸ್ಕಿಗೆ ಮುಂಚೆಯೇ ತೋರಿಸಿದ್ದರು, ಆದರೆ ಹೊತ್ತಿಗೆ ಅದು ಸ್ಪಾಸ್ಕಿಗೆ ನೆನಪಾಗಲಿಲ್ಲ ಎಂದು ಚದುರಂಗದವರ ನಡುವೆ ಓಡಾಡುವ ಮಾತು. ನಾನು ಇದನ್ನು ನಂಬುತ್ತೇನೆ. ನಂಬಲು ಕನ್ನಡದವನಿಗೆ ಕಷ್ಟವೇನೂ ಇಲ್ಲ. ಪರಶುರಾಮರು ಕಲಿಸಿದ ಮಂತ್ರ ಬೇಕಾದ ಗಳಿಗೆಯಲ್ಲಿ ಕೈಕೊಟ್ಟದ್ದನ್ನು ನಾವು ಚಿಕ್ಕಂದಿನಿಂದ ಕೇಳಿಕೊಂಡೇ ಬಂದಿದ್ದೇವೆ. ಕರ್ಣನಿಗಾದರೆ ಶಾಪವಿತ್ತು. ಸ್ಪಾಸ್ಕಿಗೆ ಯಾರ ಶಾಪ? ಫಿಷರ್ ಕ್ವೀನ್ಸ್ ಗ್ಯಾಂಬಿಟ್ ಆಡುತ್ತಾರೆಂದು ಯಾರೂ ಎಣಿಸಿರಲಿಲ್ಲ, ಅದೇ ಶಾಪ. ಬರುವುದಿಲ್ಲವೆಂದುಕೊಂಡ ನೆಂಟನಿಗೆ ಯಾರು ಎಲೆ ಹಾಕಿಡುತ್ತಾರೆ? ಅಭ್ಯಾಸದ ಹೊತ್ತು, ಕಾಗದ, ನಿದ್ದೆಗೆಟ್ಟ ರಾತ್ರಿಗಳು ಎಲ್ಲ ಇ4ರ ಪಾಲಿಗೆ ಹೋಗಿದ್ದವು. ಬಿ7ರ ಉತ್ತರ ಯಾವುದೋ ಪುಟದ ಮೂಲೆಯಲ್ಲಿ ಉಳಿಯಿತು.

ಸ್ಪಾಸ್ಕಿ ಯೋಚಿಸಿ ಆಡಿದ್ದು ಎ6. ಒಂಟೆಯನ್ನು ಗದರಿಸುವ ನಡೆ. ಆದರೆ ಆ ಗದರಿಕೆಯಲ್ಲಿ ಹುರುಳಿಲ್ಲ. ಎ6ರ ಕಾಲಾಳು ಒಂಟೆಯನ್ನು ಹೊಡೆದರೆ ಹಿಂದೆ ಎ8ರಲ್ಲಿರುವ ಆನೆ ಬಿಳಿ ಮಂತ್ರಿಯ ಬಾಯಿಗೆ ಬೀಳುತ್ತದೆ. ಹಾಗಾಗಿ ಫಿಷರ್ ಒಂಟೆಯನ್ನು ಅಲ್ಲೇ ಬಿಟ್ಟು, ಸಿ5ರಲ್ಲಿ ಕಾಲಾಳುಗಳನ್ನು ಅದಲುಬದಲು ಮಾಡಿ, ಹದಿನಾರನೆಯ ನಡೆಯಲ್ಲಿ ಆರಾಮಾಗಿ ಕ್ಯಾಸಲಿಂಗ್ ಮಾಡಿಕೊಂಡು ರಾಜನನ್ನು ಒಳಗೆ ಕೂರಿಸಿದರು. ಸ್ಪಾಸ್ಕಿ ಆನೆಯನ್ನು ಎ7ಕ್ಕೆ ಸರಿಸಿದ ಮೇಲಷ್ಟೇ ಒಂಟೆ ಹಿಂದೆ ಬಂತು. ಬಂದ ಕೆಲಸ ಮುಗಿದಿತ್ತು.

ನನ್ನ ಕೈ ತಡೆಯುವುದು ಈ ಎ6ರ ಹತ್ತಿರ. ಆ ಹೊತ್ತಿನಲ್ಲಿ ಗೆಲ್ಲರ್ ಮನಸ್ಸು ಹೇಗಿದ್ದಿರಬೇಡ? ಆಟ ನಡೆಯುವಾಗ ಸಹಾಯಕರು ಬಾಯಿ ಬಿಡುವಂತಿಲ್ಲ. ಕೆಮ್ಮಿದರೂ ತಪ್ಪು. ಉತ್ತರ ಅವರಲ್ಲಿದೆ, ತಾವೇ ಕಂಡುಕೊಂಡ ಉತ್ತರ, ಮೊದಲೇ ಹೇಳಿಕೊಟ್ಟ ಉತ್ತರ. ಅರಿತವರು ಆಡುತ್ತಿಲ್ಲ, ಆಡುತ್ತಿರುವವರಿಗೆ ನೆನಪಿಲ್ಲ. ಕರ್ಣನ ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸಬೇಕು, ಯಾಕೆಂದರೆ ಗೆಲ್ಲರ್ ಶಲ್ಯನಲ್ಲ. ರಥ ಬಿಟ್ಟಿಳಿದವರಲ್ಲ, ಚುಚ್ಚಿ ಮಾತಾಡಿದವರಲ್ಲ. ಮಾತೇ ಆಡುವಂತಿರಲಿಲ್ಲ.

ಅವರ ಬಾಯಿಗೆ ಬಿಡುಗಡೆ ಸಿಗುವ ದಾರಿಯೊಂದಿತ್ತು. ಆ ಕಾಲದಲ್ಲಿ ತಲಾ ಎರಡೂವರೆ ಗಂಟೆಯಲ್ಲಿ ನಲವತ್ತು ನಡೆ ಆಡಬೇಕು. ಐದು ಗಂಟೆಯಲ್ಲಿ ಮುಗಿಯದಿದ್ದರೆ ಮುಂದಿನ ನಡೆಯನ್ನು ಲಕೋಟೆಯಲ್ಲಿ ಮುಚ್ಚಿಟ್ಟು ಮರುದಿನಕ್ಕೆ ಹಾಕುತ್ತಿದ್ದರು. ಆ ರಾತ್ರಿ ಸಹಾಯಕರದ್ದೇ ರಾಜ್ಯ. ಬೆಳಗಾಗುವವರೆಗೆ ಮಣೆಯ ಸುತ್ತ ಕೂತು ಲೆಕ್ಕ ಹಾಕಬಹುದು. ಈ ಆಟ ಆ ಗೆರೆಯನ್ನು ಒಂದೇ ಒಂದು ನಡೆಯಷ್ಟು ದಾಟಿ ಮುಗಿಯಿತು. ಲಕೋಟೆಯಲ್ಲಿ ಮುಚ್ಚಿಡಲು ಏನೂ ಉಳಿದಿರಲಿಲ್ಲ.

ಹದಿನೇಳರಿಂದ ನಲವತ್ತೊಂದರವರೆಗಿನದನ್ನು ಪುಸ್ತಕಗಳು ಪುಟಗಟ್ಟಲೆ ಹೊಗಳಿವೆ. ನಾನು ಬೇಗ ಹೇಳಿ ಮುಗಿಸುತ್ತೇನೆ. ಹದಿನೆಂಟನೆಯ ನಡೆಯಲ್ಲಿ ಫಿಷರ್‌ರ ಕುದುರೆ ಡಿ4ಕ್ಕೆ ನೆಗೆದು ಸಿ5ರ ಕಾಲಾಳಿನ ಬಾಯಿಗೇ ಹೋಗಿ ನಿಂತಿತು. ಅದೇ ಓರೆನೋಟದ ಕಟ್ಟಿನಿಂದ ಕಾಲಾಳು ಹೊಡೆಯುವಂತಿಲ್ಲ. ಕುದುರೆ ಇ6ರ ಒಂಟೆಯನ್ನು ಹೊಡೆದುಹಾಕಿತು. ಯಾವ ಒಂಟೆಗಾಗಿ ಟಾರ್ಟಕೋವರ್ ಬಾಗಿಲು ತೆರೆದಿಟ್ಟರೋ ಅದು ಹೀಗೆ ಮುಗಿಯಿತು. ಇಪ್ಪತ್ತಕ್ಕೆ ಇ4. ಸ್ಪಾಸ್ಕಿ ಡಿ4ಕ್ಕೆ ಹೆಜ್ಜೆಯಿಟ್ಟು ಪಕ್ಕಪಕ್ಕ ನಿಂತಿದ್ದ ತಮ್ಮ ಕಾಲಾಳುಗಳ ಬಲವನ್ನು ತಾವೇ ಕಳೆದರು. ಅಲ್ಲಿಂದಾಚೆ ನನ್ನ ಅಭಿಪ್ರಾಯದಲ್ಲಿ ಆಟ ಏಕಪಕ್ಷೀಯ. ಚಂದವಿದೆ, ಸಸ್ಪೆನ್ಸ್ ಇಲ್ಲ. ಕೊನೆಕೊನೆಗೆ ಕಪ್ಪು ಮಂತ್ರಿ ಡಿ8ರಿಂದ ಇ8, ಇ8ರಿಂದ ಡಿ8 ಎಂದು ಎರಡೇ ಮನೆಗಳ ನಡುವೆ ಎಡತಾಕುವುದನ್ನು ನೋಡಲಾಗುವುದಿಲ್ಲ. ಫಿಷರ್‌ಗೆ ಅವಸರವೇ ಇರಲಿಲ್ಲ. ಆನೆಗಳನ್ನು ಒಂದು ಮನೆ ಆಚೆ ಒಂದು ಮನೆ ಈಚೆ ಜರುಗಿಸಿ, ಕಾಲಾಳೊಂದನ್ನು ನೂಕಿ ಹೊತ್ತು ಕಳೆದರು. ಆಮೇಲೆ ಮೂವತ್ತೆಂಟಕ್ಕೆ ಎಫ್6ರ ಕುದುರೆಗೆ ಆನೆಯನ್ನೇ ಕೊಟ್ಟು ರಾಜನ ಸುತ್ತಲ ಗೋಡೆ ಕೆಡವಿದರು. ಚಪ್ಪಾಳೆ. ಪೈಪೋಟಿಯಲ್ಲಿ ಫಿಷರ್ ಮೊದಲ ಸಲ ಮುಂದೆ ಬಂದದ್ದು ಅಂದು; ಆಮೇಲೆ ಆ ಮುನ್ನಡೆ ಕೈತಪ್ಪಲಿಲ್ಲ. ಸೆಪ್ಟೆಂಬರ್ 1ಕ್ಕೆ ಎಲ್ಲ ಮುಗಿದಾಗ 12½–8½.

ಇವತ್ತಿನ ಮಕ್ಕಳಿಗೆ ಈ ಸಂಕಟ ಹೇಳಿದರೆ ನಗುತ್ತಾರೆ. ಬೆಂಗಳೂರಿನ ಯಾವುದಾದರೂ ಶಾಲೆಯ ಸಭಾಂಗಣದಲ್ಲಿ ವಾರಾಂತ್ಯದ ಟೂರ್ನಿ ನೋಡಿ. ಹಲ್ಲು ಬಿದ್ದ ಹುಡುಗರು ಹದಿನೈದು ನಡೆಗಳನ್ನು ಕಣ್ಣು ಮಿಟುಕಿಸುವುದರೊಳಗೆ ಆಡಿ ಮುಗಿಸಿ ಗಡಿಯಾರ ಒತ್ತುತ್ತಾರೆ. ಅಪ್ಪಂದಿರು ಹೊರಗೆ ಕಾರಿಡಾರಿನಲ್ಲಿ ಮೊಬೈಲ್ ಹಿಡಿದು, ಎಂಜಿನ್ ಕೇಳಿ, ಉತ್ತರ ಇಟ್ಟುಕೊಂಡು ಕುದಿಯುತ್ತಿರುತ್ತಾರೆ. ಒಳಗೆ ಹೇಳಿ ಕಳಿಸುವಂತಿಲ್ಲ. ಗೆಲ್ಲರ್ ವಂಶ ಬೆಳೆದಿದೆ. ಇದರ ಇನ್ನೊಂದು ತುದಿಗೆ ಮೀರ್ ಸುಲ್ತಾನ್ ಖಾನ್ ಇದ್ದರು. ಕಾಲಾಳು ಒಂದೇ ಮನೆ ನಡೆಯುವ ನಮ್ಮ ದೇಶಿ ಚದುರಂಗದಲ್ಲಿ ಬೆಳೆದು, ಇಂಗ್ಲೆಂಡಿಗೆ ಹೋಗಿ, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದವರು. ಅವರಿಗೆ ಯುರೋಪಿನವರ ಓಪನಿಂಗುಗಳೆಂದರೆ ಕೊನೆಯವರೆಗೂ ಪರದೇಶ. ಎಷ್ಟೋ ಆಟಗಳಲ್ಲಿ ಹತ್ತನೆಯ ನಡೆಗೇ ಇಕ್ಕಟ್ಟಿಗೆ ಸಿಕ್ಕಿ, ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಗೆಲ್ಲುತ್ತಿದ್ದರು. ಹೇಸ್ಟಿಂಗ್ಸ್‌ನಲ್ಲಿ ಕಾಪಾಬ್ಲಾಂಕಾರನ್ನೇ ಸೋಲಿಸಿದರು. ಮರೆಯುವುದಕ್ಕೆ ಅವರ ಬಳಿ ಏನೂ ಇರಲಿಲ್ಲವಲ್ಲ! ಎರಡರಲ್ಲಿ ಯಾವುದು ಹೆಚ್ಚು ಸುಖ ಎಂದು ನಾನು ಆಗಾಗ ಲೆಕ್ಕ ಹಾಕುವುದುಂಟು.

ಇನ್ನು ಗೆಲ್ಲರ್. ಚಾಂಪಿಯನ್‌ಷಿಪ್ ಮುಗಿಯಿತು, ಪಟ್ಟ ಹೋಯಿತು. ಆರನೆಯ ಆಟವಂತೂ ಪತ್ರಿಕೆ ಪುಸ್ತಕಗಳಲ್ಲೆಲ್ಲ ಅಚ್ಚಾಗಿ, ಬಿ5ರ ಒಂಟೆಯ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಬಿತ್ತು. ಬಿ7ರ ಮಂತ್ರಿಯನ್ನು ಮಾತ್ರ ಗೆಲ್ಲರ್ ಬಿಡಲಿಲ್ಲ. 1973ರಲ್ಲಿ ಹಾಲೆಂಡಿನ ಹಿಲ್ವರ್ಸಂನಲ್ಲಿ ಅವರ ಎದುರಿಗೆ ಕೂತದ್ದು ಇಪ್ಪತ್ತೊಂದರ ಹರೆಯದ ಯಾನ್ ಟಿಮ್ಮನ್. ನಡೆಗಳು ಒಂದೊಂದಾಗಿ ರೇಕ್ಯಾವಿಕ್‌ನ ಜಾಡಿನಲ್ಲೇ ಬಂದವು: ಬಿ6, ಇ6ರ ಒಂಟೆ, ಎ3ರ ಮಂತ್ರಿ. ಹದಿನಾಲ್ಕಕ್ಕೆ ಟಿಮ್ಮನ್ ಒಂಟೆಯನ್ನು ಬಿ5ಕ್ಕೆ ಇಟ್ಟರು.

ಗೆಲ್ಲರ್ ಮಂತ್ರಿಯನ್ನು ಬಿ7ಕ್ಕೆ ಸರಿಸಿದರು.

ಟಿಮ್ಮನ್ ಸಿ5ರ ಕಾಲಾಳನ್ನು ಆನೆಯಿಂದ ಹೊಡೆದು ಲಾಭ ಮಾಡಿಕೊಂಡರು. ಆನೆಗಳು ಬದಲಾದವು. ಆಗ ಕಪ್ಪು ಕುದುರೆ ಎ6ಕ್ಕೆ ಬಂತು, ಬಿಳಿ ಒಂಟೆ ಅದನ್ನು ಹೊಡೆಯಿತು, ಒಂಟೆಯನ್ನು ಕಪ್ಪು ಮಂತ್ರಿ ಹೊಡೆಯಿತು. ಎ6ರಲ್ಲಿ ಕೂತ ಆ ಮಂತ್ರಿಯ ನೋಟ ಈಗ ನೇರ ಎಫ್1ರ ಮೇಲೆ. ಬಿಳಿ ರಾಜ ಕ್ಯಾಸಲಿಂಗ್ ಮಾಡಬೇಕಾದರೆ ಹಾದುಹೋಗಬೇಕಾದ ಮನೆ ಅದು. ಫಿಷರ್‌ರ ರಾಜ ಹದಿನಾರನೆಯ ನಡೆಗೆ ಒಳಸೇರಿದ್ದ. ಟಿಮ್ಮನ್‌ರ ರಾಜನಿಗೆ ಬಾಗಿಲು ಮುಚ್ಚಿತ್ತು. ಒಂದು ಕಾಲಾಳು ಹೆಚ್ಚಿಗೆ ಇಟ್ಟುಕೊಂಡು ಅವನು ಕಾಲ್ನಡಿಗೆಯಲ್ಲಿ ಡಿ2ಕ್ಕೆ ಹೊರಟ. ಗೆಲ್ಲರ್ ಡಿ4ಕ್ಕೆ ಇನ್ನೊಂದು ಕಾಲಾಳನ್ನೂ ಬಿಟ್ಟುಕೊಟ್ಟು ದಾರಿ ತೆರೆದರು, ಮಂತ್ರಿಯನ್ನು ಅವನ ಹಿಂದೆ ಅಟ್ಟಿದರು, ಗೆದ್ದರು. ಓಪನಿಂಗ್ ಪುಸ್ತಕಗಳಲ್ಲಿ ಈಗ ಬಿ5ರ ಒಂಟೆಗೆ ಮೊದಲ ಉತ್ತರವಾಗಿ ಬಿ7 ಎಂದೇ ಅಚ್ಚಾಗುತ್ತದೆ, ಕೆಳಗೆ ಸಣ್ಣಕ್ಷರದಲ್ಲಿ ಟಿಮ್ಮನ್–ಗೆಲ್ಲರ್, ಹಿಲ್ವರ್ಸಂ, 1973. ಸ್ಪಾಸ್ಕಿಯ ಎ6ರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ.